ಗುಡ್ಡದ ಮೇಲೆ ಟವರ್ ನಿಂತಿತು; ಸಿಗ್ನಲ್ ಎಲ್ಲಿ ನಿಂತಿತು?

ಶಿವಮೊಗ್ಗ: ಆರಿದ್ರಾ ಮಳೆ ಹಿಡಿಯಿತೆಂದರೆ ಮಲೆನಾಡಿನ ಅಂಗಡಿ ಕಟ್ಟೆಗಳಲ್ಲಿ ಕೇಳಿಬರುವುದು ಒಂದೇ ರಾಗ. "ನೆಟ್ ಇಲ್ಲ ಸ್ವಾಮಿ, ಚಿಲ್ಲರೆ ಇದ್ರೆ ಕೊಡಿ." ಗಿರಾಕಿಯ ಜೇಬಿನಲ್ಲಿ ಚಿಲ್ಲರೆಯೂ ಇಲ್ಲ, ನೋಟೂ ಇಲ್ಲ; ಇರುವುದೊಂದು ಫೋನು. ಅದನ್ನು ಎತ್ತಿ ಹಿಡಿದು, ಬಾಗಿಲ ಬಳಿ ನಿಂತು, ರಸ್ತೆಗೆ ಇಳಿದು, ಕೊನೆಗೆ "ಆಮೇಲೆ ಕೊಡ್ತೀನಿ, ಬರ್ಕೊಳ್ಳಿ" ಎಂದು ಹೊರಟುಹೋಗುತ್ತಾನೆ. ನ್ಯಾಯಬೆಲೆ ಅಂಗಡಿಯ ಕಥೆ ಇನ್ನೂ ಒಂದು ಕೈ ಹೆಚ್ಚು. ಅಲ್ಲಿ ಹೆಬ್ಬೆಟ್ಟು ಒತ್ತಿದರೂ ಅಕ್ಕಿ ಸಿಗುವುದಿಲ್ಲ, ಯಂತ್ರ ಬೆಂಗಳೂರನ್ನು ಕೇಳಿ "ಹೂಂ" ಅನ್ನಬೇಕು. ಯಂತ್ರ ಸುತ್ತುತ್ತಲೇ ಇರುತ್ತದೆ, ಸರದಿ ನಿಂತೇ ಇರುತ್ತದೆ, ಕೊನೆಯ ಬಸ್ಸು ಹೊರಟೇ ಹೋಗುತ್ತದೆ.

ಇದು ಇಂದು ನಿನ್ನೆಯ ಗೋಳಲ್ಲ. ಕೊರೊನಾ ಕಾಲದಲ್ಲಿ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದ್ದನ್ನು ಜಿಲ್ಲೆ ಕಣ್ಣಾರೆ ಕಂಡಿದೆ. 2021ರಲ್ಲಿ ಸಾಗರ, ಹೊಸನಗರ ಕಡೆಯ ಹಳ್ಳಿಗಳಿಂದ "ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ" ಎಂಬ ಕೂಗು ಎದ್ದಿತು. ಕೂಗು ಎಲ್ಲೆಲ್ಲಿಗೆ ತಲುಪಿತೋ, ಅಂತೂ 2022ರ ಜುಲೈನಲ್ಲಿ ಕೇಂದ್ರ ಸರಕಾರ ಸಿಗ್ನಲ್ ಇಲ್ಲದ ದೇಶದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕೆಲಸ ಬಿಎಸ್ಸೆನ್ನೆಲ್ ಪಾಲಿಗೆ ಬಂತು. ಅಂದಮೇಲೆ ದುಡ್ಡಿಲ್ಲ ಎಂದು ಕೈ ಚೆಲ್ಲುವ ಕಾಲ ಮುಗಿಯಿತು. ಈಗ ಕೇಳಬೇಕಾದ ಪ್ರಶ್ನೆ ಬೇರೆ: ಟವರ್ ನಿಂತ ಕೂಡಲೇ ಸಿಗ್ನಲ್ ನಿಲ್ಲುತ್ತದೆಯೇ?

ಇಲ್ಲ. ಬಹುಮಂದಿಗೆ ಗೊತ್ತಿಲ್ಲದ, ಗೊತ್ತಿದ್ದವರು ಬಾಯಿ ಬಿಡದ ಸಂಗತಿಯೇ ಇದು. ನಿಮ್ಮ ಫೋನು ಟವರಿನ ಜೊತೆ ಮಾತಾಡುವುದು ಅರ್ಧ ದಾರಿ ಮಾತ್ರ. ಆ ಟವರ್ ಪೇಟೆಯ ಜೊತೆ ಮಾತಾಡಬೇಡವೇ? ಟವರಿಗೂ ಒಂದು ತವರು ಬೇಕು! ಬಯಲುಸೀಮೆಯಲ್ಲಾದರೆ ಆ ತವರಿನ ದಾರಿ ನೆಲದೊಳಗಿನ ಫೈಬರ್ ಕೇಬಲ್. ಮಲೆನಾಡಿನಲ್ಲಿ ಫೈಬರ್ ಎಳೆಯಲು ಕಾಡು ಅಡ್ಡ, ಹೊಳೆ ಅಡ್ಡ, ಎಳೆದದ್ದನ್ನು ಉಳಿಸಿಕೊಳ್ಳಲು ರಸ್ತೆ ಅಗಲೀಕರಣದ ಜೆಸಿಬಿ ಅಡ್ಡ. ಪಂಚಾಯ್ತಿಗಳಿಗೆಲ್ಲ ಫೈಬರ್ ಎಂದು 2011ರಲ್ಲಿ ಶುರುವಾದ ಯೋಜನೆ ಭಾರತ್‌ನೆಟ್ ಎಂಬ ಹೊಸ ಹೆಸರು ಹೊತ್ತು ಇನ್ನೂ ಓಡಾಡುತ್ತಲೇ ಇದೆ. ಹೀಗಾಗಿ ಇಲ್ಲಿ ಎಷ್ಟೋ ಕಡೆ ಉಳಿಯುವ ದಾರಿ ಒಂದೇ: ಒಂದು ಗುಡ್ಡದ ಮೇಲೊಂದು ಡಿಶ್, ಹತ್ತಿಪ್ಪತ್ತು ಕಿಲೋಮೀಟರ್ ಆಚೆ ಇನ್ನೊಂದು ಗುಡ್ಡದ ಮೇಲೆ ಅದರ ಜೋಡಿ. ಎರಡರ ನಡುವೆ ಗಾಳಿಯಲ್ಲೇ ಮಾತುಕತೆ. ಇದೇ ದೂರದ ವೈರ್‌ಲೆಸ್ ಲಿಂಕ್.

ವೈರ್‌ಲೆಸ್ ಎಂದ ಕೂಡಲೇ ಮೂಗು ಮುರಿಯಬೇಕಾಗಿಲ್ಲ. ವೆನೆಜುವೆಲಾ ದೇಶದಲ್ಲಿ ಎರ್ಮಾನೊ ಪಿಯೆಟ್ರೊಸೆಮೊಲಿ ಎಂಬ ಪ್ರಾಧ್ಯಾಪಕರು 2006ರಲ್ಲಿ ಸಾಮಾನ್ಯ ವೈಫೈ ಪೆಟ್ಟಿಗೆ ಮತ್ತು ಡಿಶ್ ಇಟ್ಟುಕೊಂಡೇ 279 ಕಿ.ಮೀ. ದೂರದ ಲಿಂಕ್ ಸಾಧಿಸಿದರು. ಮರುವರ್ಷ 382 ಕಿ.ಮೀ. ದೂರಕ್ಕೂ ಹೋದರು. ಶಿವಮೊಗ್ಗದಿಂದ ಬೆಂಗಳೂರಿಗೂ ಅಷ್ಟು ದೂರವಿಲ್ಲ! ಅವರ ಕೈ ಹಿಡಿದದ್ದು ಆಂಡೀಸ್ ಪರ್ವತದ ಎತ್ತರ, ಜೊತೆಗೆ ಪೆನ್ಸಿಲ್ ಹಿಡಿದು ಮಾಡಿದ ಲೆಕ್ಕ. ಎತ್ತರಕ್ಕೆ ನಮ್ಮಲ್ಲೂ ಬರವಿಲ್ಲ. ಕೊಡಚಾದ್ರಿಯೇ 1,343 ಮೀಟರ್ ಇದೆ. ಬರವಿರುವುದು ಲೆಕ್ಕಕ್ಕೆ.

ಕಣ್ಣಿಗೆ ಕಂಡರೆ ಸಾಲದು

ಈ ಗುಡ್ಡದಿಂದ ಆ ಗುಡ್ಡ ಕಾಣಬೇಕು, ಇದು ಮೊದಲ ಪಾಠ. ಹಿಂದಿನ ಕಾಲದ ಸರ್ವೆಯವರು ಒಂದು ತುದಿಯಲ್ಲಿ ಕನ್ನಡಿ ಹಿಡಿದು ಬಿಸಿಲು ಹೊಳೆಸಿ, ಇನ್ನೊಂದು ತುದಿಯಲ್ಲಿ ದುರ್ಬೀನಿನಿಂದ ನೋಡುತ್ತಿದ್ದರು. ಹೊಳಪು ಕಂಡಿತೋ, ದಾರಿ ಖಾಲಿ ಇದೆ ಎಂದು ಅರ್ಥ. ಈಗಿನವರು ಕಂಪ್ಯೂಟರಿನ ನಕ್ಷೆ ನೋಡಿ "ಆಯ್ತು, ಕ್ಲಿಯರ್ ಇದೆ" ಅಂದುಬಿಡುತ್ತಾರೆ. ನಕ್ಷೆಗೆ ಗುಡ್ಡ ಗೊತ್ತು, ಗುಡ್ಡದ ಮೇಲಿನ ಅಕೇಶಿಯಾ ಗೊತ್ತಿಲ್ಲ.

ಕಂಡಮೇಲೂ ಮುಗಿಯಲಿಲ್ಲ. ರೇಡಿಯೋ ಅಲೆ ಬಂದೂಕಿನ ಗುಂಡಿನಂತೆ ಗೆರೆ ಎಳೆದು ಹೋಗುವುದಿಲ್ಲ. ನಡುವೆ ಹೊಟ್ಟೆ ಉಬ್ಬಿದ, ತುದಿಗಳಲ್ಲಿ ಚೂಪಾದ ಸೌತೆಕಾಯಿಯ ಆಕಾರದ ಜಾಗ ಅದಕ್ಕೆ ಬೇಕು. ಫ್ರೆನೆಲ್ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರಿನಲ್ಲಿ ಇದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. 20 ಕಿ.ಮೀ. ಅಂತರದ ಎರಡು ಗುಡ್ಡ, 5.8 ಗಿಗಾಹರ್ಟ್ಸ್ ಅಲೆ ಎಂದಿಟ್ಟುಕೊಳ್ಳಿ. ನಟ್ಟನಡುವೆ ಈ ಸೌತೆಕಾಯಿಯ ಅರ್ಧ ದಪ್ಪ ಸುಮಾರು 16 ಮೀಟರ್. ಅದರಲ್ಲಿ ನೂರಕ್ಕೆ 60 ಭಾಗವಾದರೂ, ಅಂದರೆ ಹೆಚ್ಚೂಕಡಿಮೆ 10 ಮೀಟರ್, ಏನೂ ಅಡ್ಡ ಬರದೆ ಖಾಲಿ ಇರಬೇಕು. ಇದರ ಮೇಲೆ ಭೂಮಿ ಗುಂಡಗಿರುವುದರಿಂದ ನಡುವಿನ ನೆಲ ಸುಮಾರು 6 ಮೀಟರ್ ಮೇಲಕ್ಕೆ ಉಬ್ಬಿದಂತೆ ಲೆಕ್ಕ ಹಾಕಬೇಕು. ಹಾಗಾಗಿ ಕಣ್ಣಿಗೆ "ಆಹಾ, ಎಷ್ಟು ಚೆನ್ನಾಗಿ ಕಾಣುತ್ತೆ" ಅನಿಸಿದ ಗುಡ್ಡಕ್ಕೂ ಲಿಂಕ್ ಹತ್ತದೆ ಇರಬಹುದು.

ಇನ್ನು ಮರ. ಅಕೇಶಿಯಾ, ಸಿಲ್ವರ್ ಓಕ್, ನೀಲಗಿರಿ ಇವೆಲ್ಲ ಸರಕಾರಿ ಕಡತಕ್ಕಿಂತ ವೇಗವಾಗಿ ಬೆಳೆಯುವ ಜಾತಿ. ಇವತ್ತು ತುದಿಯಿಂದ ನಾಲ್ಕು ಮೀಟರ್ ಮೇಲೆ ಹಾದುಹೋಗುವ ಅಲೆಗೆ ಮೂರು ನಾಲ್ಕು ಮಳೆಗಾಲ ಕಳೆಯುವುದರೊಳಗೆ ಅದೇ ಮರ ಗೋಡೆಯಾಗಿ ನಿಲ್ಲುತ್ತದೆ. ಒಣಗಿದ ಎಲೆಗಿಂತ ಒದ್ದೆ ಎಲೆ ಅಲೆಯನ್ನು ಹೆಚ್ಚು ನುಂಗುತ್ತದೆ. ಸಾಗುವಾನಿ, ಮತ್ತಿ ಮರಗಳು ಎಲೆ ಉದುರಿಸಿ ನಿಂತಿರುವ ಫಾಲ್ಗುಣದಲ್ಲಿ ಸರ್ವೆ ಮಾಡಿ, ಶ್ರಾವಣದಲ್ಲಿ ಯಾಕೆ ನಡೀತಿಲ್ಲ ಎಂದು ತಲೆ ಕೆರೆದುಕೊಂಡರೆ ತಪ್ಪು ಮರದ್ದೇ? ಕಡಿಯೋಣ ಎಂದರೆ ಶರಾವತಿ ಕಣಿವೆಯ ಬಹುಪಾಲು ಅಭಯಾರಣ್ಯ. ಕಡಿಯಲು ಬಿಡುವುದಿಲ್ಲ, ಬಿಡಲೂ ಬಾರದು. ಟವರನ್ನೇ ಎತ್ತರಿಸಬೇಕು, ಇಲ್ಲವೇ ಗುಡ್ಡ ಬದಲಿಸಬೇಕು. ಆದರೆ ನಮ್ಮಲ್ಲಿ ಟವರಿನ ಜಾಗ ಗೊತ್ತಾಗುವುದು ಸಾಮಾನ್ಯವಾಗಿ ಸರಕಾರಿ ಜಾಗ ಎಲ್ಲಿ ತಕರಾರಿಲ್ಲದೆ ಸಿಗುತ್ತದೆ ಎಂಬುದರ ಮೇಲೆ. ಅಲೆ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬ ಮಾತು ಆಮೇಲೆ ಬರುತ್ತದೆ.

ಅಂಗಡಿಯ ಖಾತೆ ಪುಸ್ತಕದಂತೆ

ಉಳಿದದ್ದು ಶುದ್ಧ ಜಮಾ-ಖರ್ಚು. ಯಾವ ಕಿರಾಣಿ ಅಂಗಡಿಯವರಿಗೂ ಅರ್ಥವಾಗುವಂಥದ್ದು. ಲೆಕ್ಕ ರೂಪಾಯಿಯಲ್ಲಲ್ಲ, ಡೆಸಿಬೆಲ್‌ನಲ್ಲಿ. ಈ ನಾಣ್ಯದ ಚಾಳಿ ವಿಚಿತ್ರ: 3 ಕಳೆದುಕೊಂಡರೆ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, 10 ಕಳೆದುಕೊಂಡರೆ ಹತ್ತನೇ ಒಂದು ಭಾಗಕ್ಕೆ, 20 ಹೋದರೆ ನೂರನೇ ಒಂದು ಭಾಗಕ್ಕೆ.

5.8 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಲೈಸೆನ್ಸ್ ಇಲ್ಲದೆ ಕಳಿಸಬಹುದಾದ ಗರಿಷ್ಠ ಬಲ, ಡಿಶ್ ಕೊಡುವ ಬಲವೂ ಸೇರಿ, 4 ವಾಟ್. ಲೆಕ್ಕದ ಭಾಷೆಯಲ್ಲಿ ಜಮಾ 36. 20 ಕಿ.ಮೀ. ಬರಿಗಾಳಿಯಲ್ಲಿ ಸಾಗುವಾಗಲೇ ಖರ್ಚು 134. ಆಚೆ ತುದಿಯ ಒಳ್ಳೆಯ ಡಿಶ್ ಹಿಡಿದುಕೊಡುವ ಜಮಾ 30. ಕೂಡಿಸಿ ಕಳೆದರೆ ಕೈಗೆ ಬಂದದ್ದು ಮೈನಸ್ 68. ಇದು ಸಾಕೋ ಬೇಡವೋ? ಪೆಟ್ಟಿಗೆ ಅತಿ ವೇಗದಲ್ಲಿ ಓಡಬೇಕಾದರೆ ಮೈನಸ್ 72ರ ಆಸುಪಾಸು ಬೇಕು; ಸಾವಧಾನದ ವೇಗಕ್ಕೆ ಮೈನಸ್ 90ರ ಆಸುಪಾಸಾದರೂ ನಡೆಯುತ್ತದೆ. ಅಂದರೆ ವೇಗವಾಗಿ ಓಡಿಸಿದರೆ ಕೈಯಲ್ಲಿ ಉಳಿಯುವ ಬಂಡವಾಳ ಬರೀ 4, ನಿಧಾನ ಓಡಿಸಿದರೆ 22.

ಗುಟ್ಟು ಇಲ್ಲಿದೆ. ಉದ್ಘಾಟನೆಯ ದಿನ ಮಾನ್ಯರ ಮುಂದೆ ತೋರಿಸುವುದು ವೇಗದ ಲೆಕ್ಕ. "ನೋಡಿ ಸಾರ್, ಇಷ್ಟು ಎಂಬಿ ಬರ್ತಿದೆ" ಎಂದು ಫೋಟೋ ತೆಗೆಸಿಕೊಳ್ಳುತ್ತಾರೆ. 4 ಡೆಸಿಬೆಲ್ ಬಂಡವಾಳದ ಅಂಗಡಿ ಒಂದು ಮಳೆಗೆ ದಿವಾಳಿ! ಅಂಗಡಿಯವನಿಗೆ ಬೇಕಾದದ್ದು ಆ ವೇಗವೇ ಅಲ್ಲ. ಒಂದು ಯುಪಿಐ ಪಾವತಿಗೆ, ಒಂದು ಹೆಬ್ಬೆಟ್ಟಿಗೆ ಹೋಗಿಬರುವ ಮಾಹಿತಿ ಒಂದು ಫೋಟೋದಷ್ಟೂ ಇರುವುದಿಲ್ಲ. ದಿನಕ್ಕೆ ಹತ್ತು ಸಲ ಮೂರ್ಛೆ ಹೋಗುವ 100 ಎಂಬಿಗಿಂತ ಬೀಳದೆ ನಿಲ್ಲುವ 5 ಎಂಬಿ ಮೇಲು. ಸಿನಿಮಾ ನೋಡುವವರು ಒಪ್ಪಲಿಕ್ಕಿಲ್ಲ, ಅಕ್ಕಿಗೆ ನಿಂತವರು ಒಪ್ಪುತ್ತಾರೆ.

ಡಿಶ್ ತಿರುಗಿಸುವುದರಲ್ಲೂ ಇದೇ ಹುಡುಗಾಟ. 20 ಕಿ.ಮೀ. ದೂರದಲ್ಲಿ ಒಂದು ಡಿಗ್ರಿ ಅತ್ತಿತ್ತಾದರೆ ಗುರಿ 350 ಮೀಟರ್ ಆಚೆ ಬೀಳುತ್ತದೆ. ಬೋಲ್ಟ್ ಸಡಿಲ ಬಿಟ್ಟು ಬಂದ ಡಿಶ್ ಜೂನ್ ಗಾಳಿಗೆ ಕತ್ತು ತಿರುಗಿಸದೆ ಇರುತ್ತದೆಯೇ? ಕೆಲವು ಡಿಶ್‌ಗಳಿಗಂತೂ ಮುಖ್ಯ ಕಿರಣದ ಪಕ್ಕದಲ್ಲಿ ಸಣ್ಣ ಉಪಕಿರಣಗಳಿರುತ್ತವೆ. ಅವಸರದವರು ಅದಕ್ಕೇ ಕೂರಿಸಿ "ಸಿಕ್ತು" ಎಂದು ಇಳಿದುಬಿಡುತ್ತಾರೆ. ಅಲ್ಲಿಗೆ 15, 20 ಡೆಸಿಬೆಲ್ ಸುಮ್ಮನೆ ಚರಂಡಿ ಪಾಲು. ಲೆಕ್ಕದ ಪ್ರಕಾರ ಮೈನಸ್ 68 ಬರಬೇಕಾದಲ್ಲಿ ಮೈನಸ್ 85 ಬಂದಿದ್ದರೆ ಎಲ್ಲೋ ತಪ್ಪಿದೆ ಎಂದು ಅಲ್ಲೇ ಗೊತ್ತಾಗಬೇಕು. ಗೊತ್ತಾಗಲು ಮೊದಲು ಲೆಕ್ಕ ಮಾಡಿರಬೇಕಲ್ಲ.

ಲೈಸೆನ್ಸ್ ಇಲ್ಲದ ಪಟ್ಟಿಗಳ ಮಾತು ಬಂದಾಗ ಇನ್ನೊಂದು ಹೇಳಬೇಕು. 2005ರಲ್ಲಿ 2.4 ಗಿಗಾಹರ್ಟ್ಸ್, 2018ರಲ್ಲಿ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗ ದೇಶದಲ್ಲಿ ಎಲ್ಲರಿಗೂ ಮುಕ್ತವಾಯಿತು. ಒಳ್ಳೆಯದೇ. ಆದರೆ ಇದು ರಿಸರ್ವೇಶನ್ ಇಲ್ಲದ ಬಸ್ಸು, ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವಂತಿಲ್ಲ. ಇವತ್ತು ಖಾಲಿ ಇದ್ದ ಚಾನೆಲ್ಲಿಗೆ ನಾಳೆ ಪಕ್ಕದ ಊರಿನ ಕೇಬಲ್‌ನವನು ಬಂದು ಕೂತರೆ ತಕರಾರು ಕೇಳುವವರಿಲ್ಲ. ದೊಡ್ಡ ಕಂಪನಿಗಳ ಮೈಕ್ರೋವೇವ್ ಲಿಂಕ್‌ಗಳದು ರಿಸರ್ವ್ ಮಾಡಿದ ಸೀಟು, ಅದಕ್ಕೆ ಬಾಡಿಗೆಯೂ ಉಂಟು.

ನೀರೆಂಬ ಕನ್ನಡಿ

2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಲಾಂಚಿಗೆ ಕಾದು ಕಾದು ಅರ್ಧ ಆಯುಷ್ಯ ಸವೆಸಿದ ಕರೂರು ಸೀಮೆಯ ಜನ ಬಸ್ಸಿನಲ್ಲಿ ಕೂತು ಹಿನ್ನೀರು ದಾಟಿದರು. ಅಲೆಗೆ ಸೇತುವೆ ಬೇಡ, ಅದು ಹಾರಿ ಹೋಗುತ್ತದೆ. ಆದರೆ ಲಿಂಗನಮಕ್ಕಿಯ ನೀರು ಅಲೆಗೂ ಕಾಟ ಕೊಡುತ್ತದೆ ಎಂದರೆ ನಂಬುತ್ತೀರಾ?

ನೀರಿನ ಮೇಲ್ಮೈ ರೇಡಿಯೋ ಅಲೆಗೆ ಕನ್ನಡಿ. ನೇರ ಹೋದ ಅಲೆಯ ಜೊತೆಗೆ ನೀರಿಗೆ ಬಡಿದು ಎಗರಿದ ಅಲೆಯೂ ಆಚೆ ಡಿಶ್ಶಿಗೆ ತಲುಪುತ್ತದೆ. ಎರಡೂ ಹೆಜ್ಜೆ ಕೂಡಿಸಿ ಬಂದರೆ ಬಲ. ಹೆಜ್ಜೆ ತಪ್ಪಿಸಿ ಬಂದರೆ ಒಂದನ್ನೊಂದು ಕೊಂದುಕೊಳ್ಳುತ್ತವೆ. 5.8 ಗಿಗಾಹರ್ಟ್ಸ್ ಅಲೆಯ ಉದ್ದ 5 ಸೆಂಟಿಮೀಟರಿಗಿಂತ ತುಸು ಹೆಚ್ಚು. ಎಗರಿ ಬಂದ ಅಲೆ ಅದರ ಅರ್ಧದಷ್ಟು ಹೆಚ್ಚು ದೂರ ನಡೆದರೂ ಸಾಕು, ಹೆಜ್ಜೆ ತಪ್ಪುತ್ತದೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಬೇಸಿಗೆಯಲ್ಲಿ ನೀರು ಹತ್ತಾರು ಅಡಿ ಕೆಳಗೆ ಇಳಿದು, ಬೋಳು ದಿಣ್ಣೆಗಳು ಎದ್ದು ಕಾಣುವುದನ್ನು ಆ ದಾರಿಯ ಬಸ್ ಪ್ರಯಾಣಿಕರೆಲ್ಲ ನೋಡಿದ್ದಾರೆ. ಮೇ ತಿಂಗಳಲ್ಲಿ ನೆಲದ ಮೇಲೆ ಹಾಯಾಗಿ ಹಾದುಹೋದ ಅದೇ ಲಿಂಕ್ ಆಗಸ್ಟಿನಲ್ಲಿ ಕನ್ನಡಿಯ ಮೇಲೆ ಹಾಯಬೇಕು. ಮೇ ತಿಂಗಳ ಪರೀಕ್ಷೆ ಆಗಸ್ಟಿಗೆ ಸಾಕ್ಷಿಯಾಗುವುದಿಲ್ಲ.

ಮದ್ದಿಲ್ಲವೇ? ಇದೆ. ಒಂದೇ ಕಂಬದಲ್ಲಿ ಮೇಲೊಂದು ಕೆಳಗೊಂದು ಡಿಶ್ ಕಟ್ಟಿದರೆ ಒಂದು ಕುರುಡಾದಾಗ ಇನ್ನೊಂದು ನೋಡುತ್ತದೆ. ನೀರಿನ ಮೇಲೆ ಅಲೆ ಬಡಿಯುವ ಜಾಗ ಒಂದು ತುದಿಗೆ ಕಾಣದಂತೆ ದಿಣ್ಣೆಯ ಮರೆಯಲ್ಲಿ ಡಿಶ್ ಕೂರಿಸುವ ಉಪಾಯವೂ ಹಳೆಯದೇ. ಇದಕ್ಕೆಲ್ಲ ಹೆಚ್ಚುವರಿ ಡಿಶ್ ಬೇಕು, ಸ್ಥಳದಲ್ಲಿ ಓಡಾಡಿದ ಎಂಜಿನಿಯರ್ ಬೇಕು. ಟೆಂಡರ್ ಬರೆದವನು ಹಿನ್ನೀರು ಕಂಡಿದ್ದರೆ ತಾನೇ!

ಚಳಿಗಾಲದ ಬೆಳಗು ಇನ್ನೊಂದು ಕಾಟ. ಕಣಿವೆಯಲ್ಲಿ ತಣ್ಣನೆ ಗಾಳಿ ಕೆಳಗೆ, ಬೆಚ್ಚಗಿನದು ಮೇಲೆ ಪದರ ಪದರವಾಗಿ ನಿಂತಾಗ ಅಲೆ ಬಾಗಿ ದಾರಿ ತಪ್ಪುತ್ತದೆ. ಜನ ಮಂಜನ್ನು ಬೈಯುತ್ತಾರೆ, ಆದರೆ ಮಂಜು ಬಹುಮಟ್ಟಿಗೆ ನಿರಪರಾಧಿ.

ಮಳೆಯೋ ಕರೆಂಟೋ

ಮಳೆಯ ವಿಚಾರದಲ್ಲೂ ಎಲ್ಲ ಅಲೆಗೂ ಒಂದೇ ಶಿಕ್ಷೆ ಇಲ್ಲ. ಗಂಟೆಗೆ 100 ಮಿ.ಮೀ. ಲೆಕ್ಕದಲ್ಲಿ ಸುರಿಯುವ ಮಳೆ 20 ಗಿಗಾಹರ್ಟ್ಸ್ ಆಸುಪಾಸಿನ ಅಲೆಯಿಂದ ಒಂದೊಂದು ಕಿಲೋಮೀಟರಿಗೂ ಸುಮಾರು 10 ಡೆಸಿಬೆಲ್ ಕಿತ್ತುಕೊಳ್ಳುತ್ತದೆ. 6 ಗಿಗಾಹರ್ಟ್ಸ್ ಅಲೆಯಿಂದ ಅರ್ಧ, ಹೆಚ್ಚೆಂದರೆ ಒಂದು. ಆಗುಂಬೆಯಂಥ ಊರಿರುವ ಜಿಲ್ಲೆಯಲ್ಲಿ ಮೇಲಿನ ಪಟ್ಟಿಯ ಅಲೆಯನ್ನು ದೂರ ಹಾರಿಸುವುದು ಛತ್ರಿ ಇಲ್ಲದೆ ಜಾತ್ರೆಗೆ ಹೊರಟಂತೆ. ಕೆಳಗಿನ ಪಟ್ಟಿ ಹಿಡಿದರೆ ಮಳೆಯಿಂದ ಬಚಾವ್. ಆದರೂ ಲಿಂಕ್ ಬೀಳುತ್ತದೆ. ಯಾಕೆ?

ಉತ್ತರಕ್ಕೆ ಪಕ್ಕದ ತಮಿಳುನಾಡಿನ ತೇನಿಗೆ ಹೋಗಿಬರಬೇಕು. ಅಲ್ಲಿ ಅರವಿಂದ ಕಣ್ಣಾಸ್ಪತ್ರೆಯವರು ಹಳ್ಳಿಗಳ ಕೇಂದ್ರಗಳನ್ನು ದೂರದ ವೈಫೈ ಲಿಂಕ್‌ಗಳಿಂದ ತೇನಿಯ ಆಸ್ಪತ್ರೆಗೆ ಜೋಡಿಸಿದರು. ಹಳ್ಳಿಯ ರೋಗಿ ಕೇಂದ್ರದಲ್ಲಿ, ಡಾಕ್ಟರು ತೇನಿಯಲ್ಲಿ, ನಡುವೆ ಪರದೆಯ ಮೇಲೆ ಮಾತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡ ಜೊತೆಗೂಡಿತ್ತು. ಮನೆಯೊಳಗಿನ ವೈಫೈ ನಿಯಮ ದೂರಕ್ಕೆ ಒಗ್ಗುವುದಿಲ್ಲ ಎಂದು ಆ ತಂಡ ನಿಯಮವನ್ನೇ ತಿದ್ದಿತು. ಪೆಟ್ಟಿಗೆ "ತಲುಪಿತು" ಎಂಬ ಉತ್ತರಕ್ಕೆ ಕ್ಷಣದ ಸಣ್ಣ ಚೂರಿನಷ್ಟೇ ಕಾಯುತ್ತದೆ. 20 ಕಿ.ಮೀ. ಹೋಗಿಬರಲು ಬೆಳಕಿಗೇ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ 133 ಭಾಗ ಬೇಕು. ಉತ್ತರ ದಾರಿಯಲ್ಲಿರುವಾಗಲೇ ಪೆಟ್ಟಿಗೆ ತಾಳ್ಮೆ ಕಳೆದುಕೊಂಡು ಮತ್ತೆ ಕೂಗುತ್ತದೆ. ಅದಕ್ಕೆ "ಈಗ ನೀನು ಮಾತಾಡು, ಆಮೇಲೆ ನಾನು" ಎಂದು ಸರದಿ ಹಾಕಿಕೊಟ್ಟರು. ದೂರದ ಲಿಂಕ್‌ಗೆಂದೇ ಮಾಡಿದ ಈಗಿನ ಅನೇಕ ಪೆಟ್ಟಿಗೆಗಳಲ್ಲಿ ಇಂಥ ಸರದಿಯ ಏರ್ಪಾಡು ಇರುತ್ತದೆ.

ಹೆಚ್ಚು ಮುಖ್ಯವಾದದ್ದು 2008ರಲ್ಲಿ ಅವರು ಪ್ರಕಟಿಸಿದ ಅನುಭವ. ಲಿಂಕ್ ಕೆಟ್ಟ ಪ್ರಸಂಗಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ದೊಡ್ಡ ಅಪರಾಧಿ ಅಲೆಯಲ್ಲ, ಕರೆಂಟು! ವೋಲ್ಟೇಜ್ ಏರಿಳಿತ, ಹಠಾತ್ ಏಟು, ಪೂರ್ತಿ ಬಸಿದು ಸತ್ತ ಬ್ಯಾಟರಿ, ಅರೆ ವೋಲ್ಟೇಜಿನಲ್ಲಿ ಸಾಯದೆ ಬದುಕದೆ ನೇತಾಡುವ ಪೆಟ್ಟಿಗೆ. ಎರಡನೆಯದು ಹತ್ತಿರದಲ್ಲಿ ತಿಳಿದವರು ಇಲ್ಲದಿರುವುದು. ಪರಿಣತರು ದೂರದ ಊರಿಂದ ಬರುವ ತನಕ ಲಿಂಕ್ ಮಲಗಿರುತ್ತಿತ್ತು. ಕೊನೆಗೆ ಸ್ಥಳೀಯ ಸಿಬ್ಬಂದಿಗೇ ಕಲಿಸಿದರು, ಬ್ಯಾಟರಿ ಬಸಿಯುವ ಮುನ್ನ ತಾನಾಗಿ ಕಳಚಿಕೊಳ್ಳುವ ಸಾಧನ ಹಾಕಿದರು.

ತೇನಿಯಲ್ಲೇ ಹೀಗಾದರೆ ಮಲೆನಾಡಿನ ಗುಡ್ಡದ ತುದಿಯ ಗತಿ ಏನು? ಮರ ಬಿದ್ದು ಲೈನ್ ಹೋದರೆ ಎರಡು ದಿನ, ಮೂರು ದಿನ ಕತ್ತಲೆ ಇಲ್ಲಿ ಮಾಮೂಲು. ನಾಲ್ಕು ಗಂಟೆಯ ಬ್ಯಾಟರಿ ಇಟ್ಟು ಕೈ ತೊಳೆದುಕೊಂಡರೆ ಅದು ಬೆಂಗಳೂರಿಗೆ ಮಾಡಿದ ಲೆಕ್ಕ. ಪುಷ್ಯ ಮಳೆಯಲ್ಲಿ ಸೋಲಾರ್ ಹಲಗೆಯೂ ಕಣ್ಣು ಮುಚ್ಚಿರುತ್ತದೆ. ಏಪ್ರಿಲ್, ಮೇ ತಿಂಗಳ ಸಿಡಿಲು ಬೇರೆ. ಜಂಬಿಟ್ಟಿಗೆ ನೆಲ ಒಣಗಿದಾಗ ಅರ್ಥಿಂಗ್ ಸರಿಯಾಗಿ ಹಿಡಿಯುವುದಿಲ್ಲ, ಸಿಡಿಲಿಗೆ ಇಳಿಯಲು ದಾರಿಯಿಲ್ಲದೆ ಪೆಟ್ಟಿಗೆಯ ಮೂಲಕ ಇಳಿಯುತ್ತದೆ. ಕೇಬಲ್ ಜೋಡಣೆಯ ಮೇಲೆ ನೀರು ಇಳಿಯದಂತೆ ಟೇಪ್ ಸುತ್ತದಿದ್ದರೆ ಮೊದಲ ಮಳೆಗೇ ಒಳಗೆ ತುಕ್ಕು. ಕೇಬಲ್ಲನ್ನು ಬಿಳಲು ಎಂದು ತಿಳಿದು ಜೋಲಾಡುವ ಮಂಗಗಳ ಮಾತು ಟೆಂಡರಿನ ಯಾವ ಕಲಮಿನಲ್ಲೂ ಬರಲಿಕ್ಕಿಲ್ಲ.

ಯಾವ ದಿನದ ಪರೀಕ್ಷೆ?

ಹಾಗಾದರೆ ಲಿಂಕ್ ಗಟ್ಟಿಯೋ ಅಲ್ಲವೋ ತಿಳಿಯುವುದು ಹೇಗೆ? ಒಂದು ದಿನದ ಪರೀಕ್ಷೆಯಿಂದ ತಿಳಿಯುವುದಿಲ್ಲ. ಒಂದು ಸಣ್ಣ ಯಂತ್ರ ಕೂರಿಸಿ, ನಿಮಿಷಕ್ಕೊಮ್ಮೆ ಆಚೆ ತುದಿಯನ್ನು ಕೂಗಿ, ಉತ್ತರ ಬಂತೇ, ಎಷ್ಟು ತಡವಾಗಿ ಬಂತು, ಸಿಗ್ನಲ್ ಎಷ್ಟಿತ್ತು, ಬ್ಯಾಟರಿ ವೋಲ್ಟೇಜ್ ಎಷ್ಟಿತ್ತು ಎಂದು ಬರೆದಿಡಬೇಕು. ಎರಡೂ ದಿಕ್ಕಿನಲ್ಲಿ ಪೂರ್ತಿ ಹೊರೆ ಹಾಕಿ ನೋಡಬೇಕು. ಖಾಲಿ ಬಸ್ಸು ಆಗುಂಬೆ ಘಾಟಿ ಹತ್ತಿದ್ದು ದೊಡ್ಡ ಮಾತಲ್ಲ. ಇದು ವಾರಗಟ್ಟಲೆ ನಡೆಯಬೇಕು, ಅದರಲ್ಲೂ ಪುನರ್ವಸು, ಪುಷ್ಯ, ಆಶ್ಲೇಷಗಳ ನಡುವೆ.

ಗುತ್ತಿಗೆಯಲ್ಲಿ ಬರೆಯುವ "ನೂರಕ್ಕೆ 99 ಖಾತ್ರಿ" ಎಂಬ ಮಾತಿಗೂ ಮರುಳಾಗಬಾರದು. ನೂರಕ್ಕೆ 99 ಎಂದರೆ ವರ್ಷಕ್ಕೆ ಮೂರೂವರೆ ದಿನ ಸತ್ತಿರುವುದು. ಅಂಥ ನಾಲ್ಕು ಲಿಂಕ್ ಒಂದರ ಹಿಂದೊಂದು ಪೋಣಿಸಿ ಹಳ್ಳಿ ಮುಟ್ಟಿದರೆ ಖಾತ್ರಿ 96ಕ್ಕೆ ಇಳಿಯಿತು, ಅಂದರೆ ವರ್ಷಕ್ಕೆ 14 ದಿನ. ಈ 14 ದಿನ ಹದಿನೈದು ದಿನಕ್ಕೊಮ್ಮೆ ಅರ್ಧರ್ಧ ದಿನವಾಗಿ ಹಂಚಿ ಬರುವುದಿಲ್ಲ. ಎಲ್ಲ ಒಟ್ಟಾಗಿ, ರಸ್ತೆ ಕಡಿದು, ಕರೆಂಟು ಹೋಗಿ, ಆಂಬುಲೆನ್ಸಿಗೆ ಫೋನ್ ಮಾಡಬೇಕಾದ ಆಷಾಢದ ದಿನಗಳಲ್ಲೇ ಬರುತ್ತವೆ. ನೂರಕ್ಕೆ 99.9 ಎಂದಾದರೆ ಒಂದು ಲಿಂಕ್ ಸಾಯುವುದು ವರ್ಷಕ್ಕೆ ಒಂಬತ್ತು ಗಂಟೆಗೂ ಕಡಿಮೆ. ದಶಾಂಶದ ಆಚೆಯ ಒಂದು ಒಂಬತ್ತಕ್ಕೆ ಇಷ್ಟು ಬೆಲೆ.

ಗ್ರಾಮಸಭೆಗಳಲ್ಲಿ ಟವರ್ ಯಾವಾಗ ಬರುತ್ತೆ ಎಂದು ಕೇಳುವವರು ಬಹಳ. ಬಂದ ಟವರಿನ ಹಿಂದಿನ ಲಿಂಕ್ ಎಲ್ಲಿಗೆ ಹೋಗುತ್ತದೆ, ನಡುವಿನ ಮರದ ಎತ್ತರ ಅಳೆದಿದ್ದಾರೆಯೇ, ಲೆಕ್ಕದ ಡೆಸಿಬೆಲ್ ಎಷ್ಟು, ಬಂದದ್ದು ಎಷ್ಟು, ಬ್ಯಾಟರಿ ಎಷ್ಟು ಗಂಟೆಯದು, ಕೆಟ್ಟರೆ ಗುಡ್ಡ ಹತ್ತುವವನು ಯಾವ ಊರಿನವನು ಎಂದು ಕೇಳಬೇಕು. ಉತ್ತರ ಕೊಡಲು ಎರಡೇ ಹಾಳೆ ಸಾಕು. ಒಂದು, ಎರಡು ಗುಡ್ಡದ ನಡುವಿನ ನೆಲದ ಚಿತ್ರ; ಇನ್ನೊಂದು, ಮಳೆಗಾಲದ ಒಂದು ತಿಂಗಳ ದಾಖಲೆ. ಪಂಚಾಯ್ತಿಯ ನೋಟಿಸ್ ಬೋರ್ಡಿನಲ್ಲಿ ಕುರಿಕೋಳಿ ಸಾಲದ ಪಟ್ಟಿಯ ಪಕ್ಕ ಅವುಗಳಿಗೂ ಜಾಗವಿದೆ.

ದಾಖಲೆ ಬರೆಯುವ ಯಂತ್ರಕ್ಕೆ ಲಕ್ಷಾಂತರ ರೂಪಾಯಿ ಬೇಡ, ಅಂಗೈ ಅಗಲದ ಕಂಪ್ಯೂಟರ್ ಹಲಗೆಯೇ ಆ ಕೆಲಸ ಮಾಡುತ್ತದೆ. ಅದನ್ನು ಗುಡ್ಡಕ್ಕೆ ಹೊತ್ತು ಹತ್ತಿಸಲು ಮಣ್ಣಿನ ದಾರಿ ಗಟ್ಟಿಯಿರಬೇಕು. ಆರಿದ್ರೆ ಹುಟ್ಟುವುದು ಜೂನ್ 22ರ ಸುಮಾರಿಗೆ. ಆಮೇಲೆ ಜೀಪು ಅರ್ಧ ಗುಡ್ಡಕ್ಕೇ ನಿಲ್ಲುತ್ತದೆ.